ಸಾವಿರ ರೂಪಾಯಿ ರೈಲು

ಒಂದು ಸಾವಿರ ರೂಪಾಯಿಗೆ ಇವತ್ತು ಏನು ಬರುತ್ತದೆ? ಗೌರಿ ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ಹೂವು, ಹಣ್ಣು, ಬಾಳೆಕಂದು ಕೊಳ್ಳುವಷ್ಟರಲ್ಲೇ ಖಾಲಿಯಾಗಿ, ಆಟೋದವನಿಗೆ ಮನೆಗೆ ಬಂದ ಮೇಲೆ ಕೊಡಬೇಕಾಗುತ್ತದೆ. ತಿರುಪ್ಪೂರಿನ ಬನಿಯನ್ ಅಂಗಡಿಯಲ್ಲಿ ಸ್ವಲ್ಪ ಚೌಕಾಸಿ ಮಾಡಿದರೆ ಮನೆಯ ಗಂಡಸರಿಗೆಲ್ಲ ಒಂದು ವರ್ಷಕ್ಕಾಗುವಷ್ಟು ಬನಿಯನ್ ಸಿಗಬಹುದು. ಭಾರತೀಯ ರೈಲ್ವೆಯ ಕೈಚಳಕವೇ ಬೇರೆ. ಅದು ಸಾವಿರ ರೂಪಾಯಿಯಲ್ಲಿ 91 ಕಿಲೋಮೀಟರ್ ರೈಲು ಮಾರ್ಗವನ್ನು ವರ್ಷವಿಡೀ ಸಾಕಿದ್ದುಂಟು.

ಮಾರ್ಗ ಯಾವುದು ಅಂದರೆ ಈರೋಡು–ಪಳನಿ. ಚೆನ್ನಿಮಲೈ, ಕಾಂಗೇಯಂ, ಧಾರಾಪುರಂ ದಾಟಿಕೊಂಡು ಹೋಗಬೇಕಾದದ್ದು. 2008-09ರಲ್ಲಿ, ಲಾಲೂ ಪ್ರಸಾದರು ರೈಲ್ವೆ ಮಂತ್ರಿಯಾಗಿದ್ದಾಗ ಮಂಜೂರಾಯಿತು. ಮಂಜೂರಾದ ಮೇಲೆ ಕಾಂಗೇಯಂನಲ್ಲಿ ಹುಟ್ಟಿದ ಕೂಸುಗಳು ಈಗ ಕಾಲೇಜು ಬಾಗಿಲಿಗೆ ಬಂದಿವೆ, ಆ ಕಾಲೇಜಿಗೆ ಬಸ್ಸಿನಲ್ಲೇ ಹೋಗುತ್ತವೆ. ಬಜೆಟ್ಟಿನ ಜೊತೆ ರೈಲ್ವೆಯ ಪಿಂಕ್ ಬುಕ್ ಅಂತ ಒಂದು ಪುಸ್ತಕ ಬರುತ್ತದೆ. ಯಾವ ಕಾಮಗಾರಿಗೆ ಎಷ್ಟು ದುಡ್ಡು ಎಂದು ಹೇಳುವ ಪುಸ್ತಕ. ಅದರ ಲೆಕ್ಕವೆಲ್ಲ ಸಾವಿರಗಳಲ್ಲಿ. ಹಾಗಾಗಿ ಅದರಲ್ಲಿ ಬರೆಯಬಹುದಾದ ಅತಿ ಸಣ್ಣ ಅಂಕಿ 1. ಈಚಿನ ಕೆಲವು ವರ್ಷ ಈರೋಡು–ಪಳನಿ ಮಾರ್ಗದ ಮುಂದೆ ಬರೆದದ್ದು ಆ ಒಂದನ್ನೇ. ತಮಿಳುನಾಡಿನ ಇನ್ನೂ ಹಲವು ಹೊಸ ಮಾರ್ಗಗಳಿಗೂ ಪಂಕ್ತಿಭೇದ ಮಾಡದೆ ಒಂದೊಂದು ಬಡಿಸಿದ್ದರು.

ಸಾವಿರವನ್ನು 91ರಿಂದ ಭಾಗಿಸಿ ನೋಡಿ. ಕಿಲೋಮೀಟರಿಗೆ ಹನ್ನೊಂದು ರೂಪಾಯಿ, ಒಂದು ಪೈಸೆ ಕಮ್ಮಿ. ಕಾಂಗೇಯಂ ಬಸ್ ಸ್ಟ್ಯಾಂಡಿನಲ್ಲಿ ಅಷ್ಟಕ್ಕೆ ಒಂದು ಟೀ ಸಿಕ್ಕರೆ ಪುಣ್ಯ. ಭೂಮಿ ಕೊಳ್ಳಬೇಕು, ಏರಿ ಹಾಕಬೇಕು, ಸೇತುವೆ ಕಟ್ಟಬೇಕು, ಜಲ್ಲಿ ಸುರಿಯಬೇಕು, ಸ್ಲೀಪರ್ ಜೋಡಿಸಬೇಕು, ಕಂಬ ನೆಟ್ಟು ತಂತಿ ಎಳೆಯಬೇಕು. ಇದಿಷ್ಟಕ್ಕೂ ಒಂದು ಟೀ.

ಇದರ ಒಳಮರ್ಮ ತಿಳಿಯದವರು ರೈಲ್ವೆಯನ್ನು ಬೈಯುತ್ತಾರೆ. ಸೊನ್ನೆ ಬರೆದರೆ ಯೋಜನೆ ಸತ್ತಿತು ಎಂದು ಲೆಕ್ಕ. ಸತ್ತದ್ದನ್ನು ಸತ್ತಿದೆ ಎಂದು ಹೇಳಿದರೆ ಸಂಸದರು ಎದ್ದು ನಿಲ್ಲುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ, ಯಾರಾದರೂ ಕಪ್ಪು ಬಾವುಟ ಹಿಡಿಯುತ್ತಾರೆ. ಒಂದು ಬರೆದರೆ ಫೈಲಿಗೆ ಜೀವ ಇದೆ ಎಂದಾಯಿತು. ಎದ್ದು ಓಡಾಡುವಷ್ಟಿಲ್ಲ, ತಿಥಿ ಮಾಡುವ ಹಾಗೂ ಇಲ್ಲ. ಮೂಗಿಗೆ ತುಪ್ಪ ಸವರುವುದಕ್ಕೆ ನಮ್ಮ ಕಡೆ ಒಂದು ಬೆರಳಿನಷ್ಟಾದರೂ ತುಪ್ಪ ಬೇಕು. ಇವರು ಖಾಲಿ ಬೆರಳಿನಲ್ಲೇ ಸವರುತ್ತಾರೆ.

ಕಾಂಗೇಯಂ ಹೆಸರನ್ನು ನಮ್ಮ ರೈತರು ಕೇಳಿಯೇ ಇರುತ್ತಾರೆ, ಎತ್ತುಗಳ ದೆಸೆಯಿಂದ. ನಮ್ಮ ಹಳ್ಳಿಕಾರ್, ಅಮೃತ ಮಹಲ್ ಇದ್ದಾವಲ್ಲ, ಪಶು ತಜ್ಞರು ಕಾಂಗೇಯಂ ತಳಿಯನ್ನೂ ಅದೇ ಮೈಸೂರು ಗುಂಪಿಗೆ ಸೇರಿಸುತ್ತಾರೆ. ಹೆಗಲು ದಪ್ಪ, ಕೊಂಬು ಗಟ್ಟಿ, ಬರಗಾಲದ ಹುಲ್ಲು ತಿಂದೂ ಭಾರ ಎಳೆಯುವ ಜಾತಿ. ಕೊರಂಗಾಡು ಎಂಬ ಒಣಭೂಮಿಯ ಕಾವಲುಗಳಲ್ಲಿ, ಮುಳ್ಳುಬೇಲಿಯ ನಡುವೆ ಮೇಯಿಸಿ ಈ ತಳಿಯನ್ನು ಉಳಿಸಿದ ಕೀರ್ತಿ ಪಳೆಯಕೋಟೆಯ ಪಟ್ಟಗಾರರ ಮನೆತನದ್ದು. ಎತ್ತಿನ ಆಚೆಗೆ ಊರಿನಲ್ಲಿ ಇರುವುದು ಅಕ್ಕಿ ಗಿರಣಿ, ಕೊಬ್ಬರಿ ಕಣ, ಎಣ್ಣೆ ಗಾಣ. ನಮ್ಮ ತಿಪಟೂರಿನವರಿಗೆ ಕೊಬ್ಬರಿಯ ಜೊತೆ ರೈಲು ನಿಲ್ದಾಣವೂ ಇದೆ. ಕಾಂಗೇಯಂನವರಿಗೆ ಕೊಬ್ಬರಿ ಇದೆ. ಅಕ್ಕಿ, ಎಣ್ಣೆ, ಜನ ಎಲ್ಲವೂ ಲಾರಿ, ಬಸ್ಸುಗಳಲ್ಲೇ ಊರು ಬಿಡಬೇಕು.

ರೈಲು ಹತ್ತಿರದಲ್ಲಿ ಇಲ್ಲವೆಂದಲ್ಲ. ಮದರಾಸ್ ರೈಲ್ವೆ ಕಂಪನಿಯವರು ದಕ್ಷಿಣದ ಮೊದಲ ಪ್ರಯಾಣಿಕ ರೈಲನ್ನು ರಾಯಪುರಂನಿಂದ ವಾಲಾಜಾ ರೋಡಿಗೆ ಓಡಿಸಿದ್ದು 1856ರ ಜುಲೈ 1ರಂದು. 1862ರ ಹೊತ್ತಿಗೆ ಅದೇ ಹಳಿ ಸೇಲಂ, ಈರೋಡು, ತಿರುಪ್ಪೂರು, ಪೋದನೂರು, ಪಾಲಕ್ಕಾಡು ದಾಟಿ ಮಲಬಾರಿನ ಬೇಪೂರಿನಲ್ಲಿ ಸಮುದ್ರ ನೋಡಿತ್ತು. ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ಆರು ವರ್ಷ! ಆಗ ಜೆಸಿಬಿ ಇರಲಿಲ್ಲ, ಡ್ರೋನ್ ಸಮೀಕ್ಷೆ ಇರಲಿಲ್ಲ, ಪಿಂಕ್ ಬುಕ್ಕೂ ಇರಲಿಲ್ಲ. ತಿರುಪ್ಪೂರು ನಿಲ್ದಾಣದಿಂದ ಕಾಂಗೇಯಂಗೆ ಮೂವತ್ತು ಕಿಲೋಮೀಟರು ಕೂಡ ಇಲ್ಲ. ಅಷ್ಟು ದೂರಕ್ಕೆ ಒಂದೂವರೆ ಶತಮಾನ ಸಾಲದೆ ಹೋಗಿದೆ.

ಇನ್ನೂ ಹಿಂದಕ್ಕೆ ಹೋದರೆ ಸಂಕಟ ಹೆಚ್ಚುತ್ತದೆ. ಕಾಂಗೇಯಂಗೆ ಉತ್ತರಕ್ಕೆ ನೊಯ್ಯಲ್ ನದಿ, ಅದರ ದಡದಲ್ಲಿ ಕೊಡುಮಣಲ್. ಎರಡು ಸಾವಿರ ವರ್ಷದ ಹಿಂದೆ ಅಲ್ಲಿ ಮಣಿ ಕೊರೆಯುವ ಕಮ್ಮಟಗಳಿದ್ದವು, ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು ಎಂದು ಉತ್ಖನನ ಮಾಡಿದವರು ತೋರಿಸಿದ್ದಾರೆ. ತಿರುಪ್ಪೂರು ರಸ್ತೆಯ ಪಡಿಯೂರಿನಲ್ಲಿ ಬೆರಿಲ್ ಎಂಬ ನೀಲಿಹಸಿರು ಕಲ್ಲು ಸಿಗುತ್ತಿತ್ತು. ಮಲಬಾರಿನ ಮುಝಿರಿಸ್ ಬಂದರಿನಿಂದ ಪಾಲಕ್ಕಾಡು ಕಣಿವೆ ದಾಟಿ ಕರೂರಿಗೆ ಹೋಗುವ ವ್ಯಾಪಾರದ ದಾರಿ ಈ ಸೀಮೆಯಲ್ಲೇ ಹಾಯುತ್ತಿತ್ತು. ರೋಮಿನ ನಾಣ್ಯಗಳು ಕೊಂಗುನಾಡು ಎಂದು ಕರೆಯುವ ಈ ಸೀಮೆಯ ನೆಲದಲ್ಲಿ ಗಡಿಗೆಗಟ್ಟಲೆ ಸಿಕ್ಕಿವೆ. ಅಂದರೆ ಕ್ರಿಸ್ತಶಕದ ಆರಂಭದಲ್ಲಿ ರೋಮಿನ ಸಾಮ್ರಾಟನಿಗೆ ಕಾಂಗೇಯಂ ಸೀಮೆ ತಲುಪುವ ದಾರಿ ಗೊತ್ತಿತ್ತು. ದೆಹಲಿಯ ರೈಲ್ ಭವನಕ್ಕೆ ಇನ್ನೂ ಸಮೀಕ್ಷೆ ಮಾಡಬೇಕು.

ಈ ಸೀಮೆಯವರೇ ಧೀರನ್ ಚಿನ್ನಮಲೈ. 1756ರಲ್ಲಿ ಕಾಂಗೇಯಂ ಬಳಿಯ ಮೇಲಪಾಳಯಂನಲ್ಲಿ ಹುಟ್ಟಿದರು, ಹುಟ್ಟುಹೆಸರು ತೀರ್ಥಗಿರಿ. ಕೊಂಗುನಾಡು ಆಗ ಮೈಸೂರಿನ ಆಳ್ವಿಕೆಯಲ್ಲಿತ್ತು, ಕಂದಾಯ ನಮ್ಮ ಕಡೆಗೆ ಬರುತ್ತಿತ್ತು. ಹಾಗೆ ಬರುತ್ತಿದ್ದ ದುಡ್ಡನ್ನು ಈ ಹುಡುಗ ದಾರಿಯಲ್ಲಿ ತಡೆದು ಕಿತ್ತುಕೊಂಡು, ‘ಯಾರು ತಗೊಂಡರು ಅಂತ ಕೇಳಿದರೆ, ಚೆನ್ನಿಮಲೈಗೂ ಶಿವನ್‌ಮಲೈಗೂ ನಡುವೆ ಇರೋ ಚಿನ್ನಮಲೈ ಅಂತ ಹೇಳಿ’ ಎಂದು ಕಳಿಸಿದ ಎಂದು ಜನ ಕಥೆ ಹೇಳುತ್ತಾರೆ. ಆಮೇಲೆ ಅವರೇ ಟಿಪ್ಪುವಿನ ಜೊತೆ ನಿಂತು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕಾದಿದರು, 1805ರಲ್ಲಿ ಸಂಕಗಿರಿಯ ಕೋಟೆಯಲ್ಲಿ ಗಲ್ಲಿಗೇರಿದರು. ಈಗ ಮಂಜೂರಾಗಿರುವ ರೈಲು ಹೋಗಬೇಕಾದದ್ದು ಅದೇ ಎರಡು ಬೆಟ್ಟಗಳ ಸೀಮೆಯಲ್ಲಿ. ಚಿನ್ನಮಲೈ ಇವತ್ತು ಇದ್ದು ರೈಲ್ವೆಯ ಖಜಾನೆಯನ್ನು ಅಲ್ಲಿ ಅಡ್ಡಗಟ್ಟಿದ್ದರೆ ಸಿಗುತ್ತಿದ್ದದ್ದು ಸಾವಿರ ರೂಪಾಯಿ. ಕುದುರೆಯ ಹುರುಳಿಗೂ ಸಾಲುತ್ತಿರಲಿಲ್ಲ. ಅವರನ್ನು ಗಲ್ಲಿಗೇರಿಸಿದ ಊರಿಗೆ ರೈಲು ನಿಲ್ದಾಣ ಇದೆ ಎಂಬುದನ್ನು ಬೇರೆ ಹೇಳಬೇಕೆ? ತಮಿಳುನಾಡು ಸರ್ಕಾರ ಒಂದು ಕಾಲಕ್ಕೆ ಅವರ ಹೆಸರಿನಲ್ಲಿ ಬಸ್ ನಿಗಮ ಮಾಡಿತ್ತು. ನಿಗಮದ ಕಚೇರಿ ತಿರುಚಿರಾಪಳ್ಳಿಯಲ್ಲಿ!

ಸರಿ, ಅಡ್ಡಿ ಏನು? ಬೆಟ್ಟವೇ? ಕಾಂಗೇಯಂ ಸೀಮೆಯಷ್ಟು ಚಪ್ಪಟೆ ನೆಲ ಹುಡುಕಿದರೂ ಸಿಕ್ಕುವುದು ಕಷ್ಟ. ಕಾಡೇ? ಇಲ್ಲ. ಅಡ್ಡಿಯ ಹೆಸರು ಪ್ರತಿಫಲದ ದರ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ 14 ಹುಟ್ಟಬೇಕು ಎಂಬುದು ರೈಲ್ವೆ ಬಹುಕಾಲ ಇಟ್ಟುಕೊಂಡಿದ್ದ ಗೆರೆ, ಆಮೇಲೆ ಅದನ್ನು ಕೆಳಗಿಳಿಸಿದರು. ಈ ಅಳತೆಯಲ್ಲಿ ನೋಡಿದರೆ ನಂಜನಗೂಡಿನ ದೇವಸ್ಥಾನವೂ ನಷ್ಟದ ಬಾಬತ್ತಾಗಬಹುದು. ಕಾಂಗೇಯಂನ ಗಿರಣಿ ಮಾಲೀಕರಿಗೂ ಸಮೀಕ್ಷೆಗೆ ಬಂದ ಸಾಹೇಬರಿಗೂ ನಡೆಯಬಹುದಾದ ಮಾತನ್ನು ನಾನು ಕೂತಲ್ಲೇ ಊಹಿಸಿಕೊಳ್ಳಬಲ್ಲೆ.

‘ಸಾರ್, ರೈಲು ಯಾವಾಗ ಬರುತ್ತೆ?’

‘ನೋಡೋಣ. ಇಲ್ಲಿಂದ ಜನ ಎಷ್ಟು ಓಡಾಡ್ತಾರೆ?’

‘ಬೆಳಗ್ಗೆ ಬನ್ನಿ ಸಾರ್, ತಿರುಪ್ಪೂರು ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ.’

‘ಅವರು ಬಸ್ಸಿನ ಪ್ರಯಾಣಿಕರು. ರೈಲಲ್ಲಿ ಎಷ್ಟು ಜನ ಹೋಗ್ತಾರೆ ಹೇಳಿ.’

‘ರೈಲೇ ಇಲ್ಲವಲ್ಲ ಸಾರ್.’

‘ಅದನ್ನೇ ನಾನೂ ಕೇಳ್ತಿರೋದು. ರೈಲು ಪ್ರಯಾಣಿಕರು ಸೊನ್ನೆ ಅಂತ ಬರ್ಕೊಳ್ಳಲಾ?’

ಸಮೀಕ್ಷೆಯಲ್ಲೂ ಬಗೆಗಳಿವೆ. ಮೊದಲು ಸಂಚಾರ ಸಮೀಕ್ಷೆ. ಆಮೇಲೆ ಪ್ರಾಥಮಿಕ ಸಮೀಕ್ಷೆ. ಆಮೇಲೆ ಅಂತಿಮ ಸ್ಥಳ ಸಮೀಕ್ಷೆ. ಅಂತಿಮ ಎಂಬುದನ್ನು ನಂಬಿ ಜನ ಪಟಾಕಿ ಹೊಡೆದ ಮೇಲೆ ದರಗಳು ಹಳೆಯವಾದವು ಎಂದು ಪರಿಷ್ಕೃತ ಸಮೀಕ್ಷೆ. ನಮ್ಮ ದೇಶದಲ್ಲಿ ಅತ್ಯಂತ ನಿಯಮಿತವಾಗಿ, ಎಲ್ಲ ಊರಿಗೂ, ಟಿಕೆಟ್ಟಿಲ್ಲದೆ ಸಿಗುವ ರೈಲ್ವೆ ಸೇವೆ ಸಮೀಕ್ಷೆಯೇ. ರೈಲಿಲ್ಲದ ಊರಿಗೂ ಅದು ಹೋಗುತ್ತದೆ.

ರೈಲು ಇರುವ ಊರಿನವರು ಸುಖವಾಗಿದ್ದಾರೆ ಎಂದು ಕಾಂಗೇಯಂನವರು ಹೊಟ್ಟೆ ಉರಿದುಕೊಳ್ಳುವುದು ಬೇಡ. ಈರೋಡಿನಿಂದ ಕೊಯಮತ್ತೂರಿಗೆ ಹೊರಟ ಒಂದು ಪ್ಯಾಸೆಂಜರ್ ಗಾಡಿಯನ್ನು ಊತ್ತುಕುಳಿಯಲ್ಲಿ ನಿಂತು ನೋಡಬೇಕು. ಪೆರುಂದುರೈ, ಈಂಗೂರು, ವಿಜಯಮಂಗಲಂ ದಾಟಿ ಬಂದ ಗಾಡಿ ಇಲ್ಲಿ ಮುಖ್ಯ ಹಳಿ ಬಿಟ್ಟು ಪಕ್ಕದ ಲೂಪ್ ಲೈನಿಗೆ ಸರಿಯುತ್ತದೆ. ಆ ಸರಿಯುವಿಕೆಯಲ್ಲೇ ಅಭ್ಯಾಸದ ಪ್ರಯಾಣಿಕರಿಗೆ ವಿಷಯ ಗೊತ್ತಾಗುತ್ತದೆ. ಗಂಡಸರು ಇಳಿದು ಬೇವಿನ ನೆರಳಿಗೆ ಹೋಗುತ್ತಾರೆ. ಹೆಂಗಸರು ತಿಂಡಿ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಬನಿಯನ್ ಕಂಪನಿಗೆ ಹೋಗಬೇಕಾದ ಹುಡುಗ ಸೂಪರ್‌ವೈಸರಿಗೆ ಫೋನ್ ಮಾಡಿ, ‘ಅಣ್ಣ, ಊತ್ತುಕುಳಿಲಿ ಹಾಕಿದಾನೆ’ ಅನ್ನುತ್ತಾನೆ. ಯಾರು ಹಾಕಿದ, ಏನು ಹಾಕಿದ ಎಂದು ಅತ್ತ ಕಡೆಯವರೂ ಕೇಳುವುದಿಲ್ಲ. ಆಮೇಲೆ ಹಳಿ ಗುನುಗುತ್ತದೆ, ಪ್ಲಾಟ್‌ಫಾರಂ ಅದುರುತ್ತದೆ, ಬಿಳಿ ನೀಲಿ ಬಣ್ಣದ ಒಂದು ಗೆರೆ ಕಣ್ಣ ಮುಂದೆ ಎಳೆದ ಹಾಗಾಗಿ ಮಾಯವಾಗುತ್ತದೆ. ವಂದೇ ಭಾರತ್! 2023ರ ಏಪ್ರಿಲ್‌ನಲ್ಲಿ ಚೆನ್ನೈಗೆ ಒಂದು, ಅದೇ ವರ್ಷ ಡಿಸೆಂಬರ್ ಕೊನೆಗೆ ಬೆಂಗಳೂರಿಗೆ ಒಂದು, ಹೀಗೆ ಕೊಯಮತ್ತೂರಿಗೆ ಎರಡು ಬಂದವು. ಎರಡಕ್ಕೂ ಹಸಿರು ನಿಶಾನೆ ತೋರಿಸಲು ಪ್ರಧಾನಿಗಳೇ ಬೇಕಾಯಿತು. ಪ್ಯಾಸೆಂಜರಿಗೆ ಹಸಿರು ನಿಶಾನೆ ತೋರಿಸಲು ಸ್ಟೇಷನ್ ಮಾಸ್ಟರ್ ಸಾಕು, ಅವರಿಗೂ ಕಂಟ್ರೋಲ್ ರೂಮಿನ ಅಪ್ಪಣೆ ಬರಬೇಕು.

ಹಳಿಯ ಮೇಲೆ ಒಂದು ವರ್ಣಾಶ್ರಮ ಇದೆ. ವಂದೇ ಭಾರತ್, ಶತಾಬ್ದಿ, ರಾಜಧಾನಿ ಮೇಲೆ. ಆಮೇಲೆ ಸೂಪರ್‌ಫಾಸ್ಟ್, ಆಮೇಲೆ ಮೈಲು, ಎಕ್ಸ್‌ಪ್ರೆಸ್ಸು. ಕೆಳಗೆ ಪ್ಯಾಸೆಂಜರು. ಅದಕ್ಕೂ ಕೆಳಗೆ ಗೂಡ್ಸು ಎಂದು ನಿಯಮ ಹೇಳುತ್ತದೆ. ಆದರೆ ಗೂಡ್ಸಿನಿಂದ ದುಡ್ಡು ಬರುತ್ತದೆ, ಪ್ಯಾಸೆಂಜರಿನಿಂದ ಬರೀ ಜನ ಬರುತ್ತಾರೆ. ಯಾರನ್ನು ಲೂಪ್ ಲೈನಿನಲ್ಲಿ ಕೂರಿಸಬೇಕು ಎಂಬುದಕ್ಕೆ ಕಂಟ್ರೋಲರಿಗೆ ಹೆಚ್ಚು ತಲೆ ಕೆರೆದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಇಷ್ಟೆಲ್ಲ ಕೂತು ಎದ್ದು ಬಂದರೂ ಗಾಡಿ ಕೊನೆಯ ನಿಲ್ದಾಣಕ್ಕೆ ‘ಸರಿಯಾದ ಸಮಯಕ್ಕೆ’ ತಲುಪುತ್ತದೆ ಎಂಬುದು ಇನ್ನೊಂದು ಚಮತ್ಕಾರ. ದೇಶದ ಯಾವ ಮೂಲೆಯ ಪ್ಯಾಸೆಂಜರ್ ವೇಳಾಪಟ್ಟಿಯನ್ನಾದರೂ ತೆಗೆದು ಕೊನೆಯ ಎರಡು ನಿಲ್ದಾಣಗಳ ನಡುವಿನ ಸಮಯ ನೋಡಿ. ದಾರಿಯುದ್ದಕ್ಕೂ ಐದಾರು ಕಿಲೋಮೀಟರನ್ನು ಏಳೆಂಟು ನಿಮಿಷದಲ್ಲಿ ಓಡಿದ ಗಾಡಿಗೆ ಕೊನೆಯ ತುಂಡಿಗೆ ಮಾತ್ರ ಧಾರಾಳವಾಗಿ ಅರ್ಧ ಗಂಟೆಯವರೆಗೂ ಬರೆದಿರುತ್ತಾರೆ. ನಡುದಾರಿಯ ಊರಿನವರೆಲ್ಲ ತಡವಾಗಿ ತಲುಪಬೇಕು, ಅಂಕಿಅಂಶ ಮಾತ್ರ ಹೊತ್ತಿಗೆ ಸರಿಯಾಗಿ ತಲುಪಬೇಕು. ಸೋಮನೂರಿನ ಮಗ್ಗದವನು ಕೆಲಸಕ್ಕೆ ತಡವಾದರೆ ಅದು ಎಲ್ಲೂ ದಾಖಲಾಗುವುದಿಲ್ಲ. ಸೋಮನೂರು ಕೊನೆಯ ನಿಲ್ದಾಣವಲ್ಲವಲ್ಲ.

ಪ್ಯಾಸೆಂಜರಿನ ಮಾನ ಕಳೆದದ್ದು ಸಾಲದು ಎಂದು ಅದರ ಹೆಸರಿಗೂ ಕೈ ಹಾಕಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಎಲ್ಲ ಪ್ರಯಾಣಿಕ ರೈಲೂ ನಿಂತವು, ಅದು ಅನಿವಾರ್ಯ. ಮತ್ತೆ ಬಂದಾಗ ಅದೇ ಗಾಡಿ, ಅದೇ ಬೋಗಿ, ಅದೇ ಒಡೆದ ನಲ್ಲಿ, ಪ್ರತಿ ಸ್ಟೇಷನ್ನಿನಲ್ಲೂ ಅದೇ ನಿಲುಗಡೆ. ಗಾಡಿ ಸಂಖ್ಯೆಯ ಮುಂದೆ ಒಂದು ಸೊನ್ನೆ ಬಂದಿತ್ತು, ಹೆಸರು ಎಕ್ಸ್‌ಪ್ರೆಸ್ ಸ್ಪೆಷಲ್ ಆಗಿತ್ತು. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಮೂವತ್ತಾಗಿತ್ತು. ಸೊನ್ನೆಗೆ ಬೆಲೆ ಇಲ್ಲ ಎಂದು ಮೇಷ್ಟರು ಹೇಳಿಕೊಟ್ಟದ್ದನ್ನು ರೈಲ್ವೆ ಒಂದೇ ಏಟಿಗೆ ಸುಳ್ಳು ಮಾಡಿತು: ಮುಂದೆ ಹಾಕಿದ ಸೊನ್ನೆಗೆ ಇಪ್ಪತ್ತು ರೂಪಾಯಿ. ಹಿರಿಯ ನಾಗರಿಕರ ರಿಯಾಯಿತಿಯೂ ಅದೇ ಮಾರ್ಚ್‌ನಲ್ಲಿ ಹೋಯಿತು. ವೈರಸ್ಸು ಹೋದರೂ ಎಕ್ಸ್‌ಪ್ರೆಸ್ ದರ ಹೋಗಲಿಲ್ಲ. 2024ರ ಫೆಬ್ರವರಿಯ ಕೊನೆಯಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಿಗೆ ಬಂದಾಗ, ಈ ಗಾಡಿಗಳು ಎಕ್ಸ್‌ಪ್ರೆಸ್ ಅಲ್ಲವೆಂದು ರೈಲ್ವೆಗೆ ಜ್ಞಾನೋದಯವಾಗಿ ಹಳೆಯ ದರ ವಾಪಸ್ಸು ಬಂತು. ಹಿರಿಯರ ರಿಯಾಯಿತಿ ಅದರ ಜೊತೆ ಬರಲಿಲ್ಲ. ಅವರು ಇನ್ನೂ ಸ್ವಲ್ಪ ವಯಸ್ಸಾಗಲಿ ಎಂದಿರಬೇಕು.

ರೈಲ್ವೆ ಹತ್ತನ್ನು ಮೂವತ್ತು ಮಾಡಿಕೊಂಡಿದ್ದ ಅದೇ ಕಾಲದಲ್ಲಿ, 2021ರ ಮೇನಲ್ಲಿ, ತಮಿಳುನಾಡು ಸರ್ಕಾರ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟೇ ಬೇಡ ಅಂದಿತು. ನಮ್ಮ ಶಕ್ತಿ ಯೋಜನೆ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಪ್ಯಾಸೆಂಜರ್ ಗಾಡಿಯಲ್ಲಿ ತರಕಾರಿ ಕುಕ್ಕೆ ಹೊತ್ತು ಹೋಗುತ್ತಿದ್ದ ಹೆಂಗಸು ಬಸ್ಸಿಗೆ ಹೋಗದೆ ಇನ್ನೇನು ಮಾಡಬೇಕು? ಜನ ಕಮ್ಮಿಯಾದರು ಎಂದು ಮುಂದಿನ ಸಮೀಕ್ಷೆ ಬರೆದುಕೊಂಡರೆ ಅದು ಸುಳ್ಳೂ ಆಗುವುದಿಲ್ಲ. ಗಾಡಿಯನ್ನು ಕೊಲ್ಲುವುದಕ್ಕೆ ಇದಕ್ಕಿಂತ ಶಾಸ್ತ್ರೋಕ್ತ ವಿಧಾನ ನನಗಂತೂ ತಿಳಿದಿಲ್ಲ.

ಪೊಳ್ಳಾಚಿಯ ಕಥೆ ಇನ್ನೊಂದು ಬಗೆ. ಪೋದನೂರು–ಪೊಳ್ಳಾಚಿ ಮೀಟರ್ ಗೇಜ್ ಮಾರ್ಗ 1915ರಲ್ಲಿ ಬಂತು, ಆಮೇಲೆ ಪಳನಿ ದಾಟಿ ದಿಂಡಿಗಲ್ಲಿಗೆ ಸೇರಿತು. ಕೊಯಮತ್ತೂರಿನಿಂದ ರಾಮೇಶ್ವರಕ್ಕೆ ಹೋಗುವವರು ಸಣ್ಣ ಗಾಡಿ ಹತ್ತಿ ಪೊಳ್ಳಾಚಿ, ಉಡುಮಲೈಪೇಟೆ, ಪಳನಿ ನೋಡಿಕೊಂಡು ಹೋಗುತ್ತಿದ್ದರು. ಹಳಿ ಅಗಲ ಮಾಡುತ್ತೇವೆ ಎಂದು ಗಾಡಿ ನಿಲ್ಲಿಸಿದರು. ಒಂದು ಮೀಟರಿನ ಅಂತರವನ್ನು 1.676 ಮೀಟರ್ ಮಾಡಬೇಕು, ಅಷ್ಟೇ ಕೆಲಸ. ಪಳನಿ–ಪೊಳ್ಳಾಚಿ ತುಂಡು ಮತ್ತೆ ತೆರೆದದ್ದು 2015ರಲ್ಲಿ, ಪೊಳ್ಳಾಚಿ–ಪೋದನೂರು 2017ರಲ್ಲಿ. ಹಳಿ ಅಗಲವಾಗಿ ಬಂತು, ರಾಮೇಶ್ವರದ ಗಾಡಿ ಬರಲಿಲ್ಲ.

ಕೊಯಮತ್ತೂರಿನಿಂದ ಪಳನಿಗೆ ಹೋಗುವ ಗಾಡಿ ಮೂರು ರೈಲ್ವೆ ವಿಭಾಗಗಳನ್ನು ತುಳಿಯಬೇಕು: ಹೊರಡುವುದು ಸೇಲಂ, ನಡುವೆ ಪಾಲಕ್ಕಾಡು, ಪೊಳ್ಳಾಚಿ ಆದಮೇಲೆ ಮದುರೈ. ಒಂದು ಹೊಸ ಗಾಡಿ ಕೇಳಿದರೆ ಮೂರು ಸಾಹೇಬರು ಒಪ್ಪಬೇಕು. ಎತ್ತು ಏರಿಗೆ, ಕೋಣ ನೀರಿಗೆ, ಮೂರನೆಯದಕ್ಕೆ ನಮ್ಮ ಗಾದೆಯಲ್ಲಿ ಪ್ರಾಣಿಯೇ ಇಲ್ಲ. ಸೇಲಂ ವಿಭಾಗ 2007ರ ನವೆಂಬರ್ 1ರಂದು ಹುಟ್ಟುವಾಗ ತಮಿಳುನಾಡಿಗೂ ಕೇರಳಕ್ಕೂ ಆದ ಜಗಳವೇ ಒಂದು ಪುಸ್ತಕವಾದೀತು. ಇದನ್ನು ಓದಿ ಮಂಗಳೂರಿನವರು ಒಳಗೊಳಗೇ ನಗುತ್ತಿರಬಹುದು. ಅವರ ಸೆಂಟ್ರಲ್ ನಿಲ್ದಾಣ ಪಾಲಕ್ಕಾಡು ವಿಭಾಗಕ್ಕೆ, ಘಟ್ಟದ ಹಳಿ ಮೈಸೂರು ವಿಭಾಗಕ್ಕೆ, ಉಡುಪಿಯ ಕಡೆ ಹೋದರೆ ಕೊಂಕಣ ರೈಲ್ವೆಗೆ. ಅಲ್ಲಿ ಗಾಡಿ ಬೇಕೆಂದು ಅರ್ಜಿ ಬರೆಯುವವನು ಮೊದಲು ಯಾರಿಗೆ ಬರೆಯಬೇಕೆಂದು ಇನ್ನೊಂದು ಅರ್ಜಿ ಬರೆದು ಕೇಳಬೇಕು.

ಈ ಸೀಮೆಯಲ್ಲಿ ಮರ್ಯಾದೆ ಗಳಿಸಿದ ನಿಧಾನ ಗಾಡಿ ಒಂದೇ ಒಂದು. ಮೆಟ್ಟುಪಾಳಯಂನಿಂದ ಊಟಿಗೆ ಹತ್ತುವ ನೀಲಗಿರಿ ರೈಲು. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿತು. ಹಳಿಗಳ ನಡುವೆ ಹಲ್ಲಿನ ಪಟ್ಟಿ, ಎಂಜಿನ್ನಿನ ಹೊಟ್ಟೆಯಡಿ ಹಲ್ಲಿನ ಚಕ್ರ, ಸುಮಾರು ಹನ್ನೆರಡು ಅಡಿಗೆ ಒಂದಡಿ ಏರು. 46 ಕಿಲೋಮೀಟರಿಗೆ ಐದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಅದಕ್ಕೆ 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಕೊಟ್ಟಿತು, ತಿಂಗಳು ಮೊದಲೇ ಸೀಟು ಕಾದಿರಿಸಬೇಕು. ನನಗೆ ಆ ರೈಲಿನ ಮೇಲೆ ಗೌರವವಿದೆ, ಅದನ್ನು ಕಟ್ಟಿದವರ ತಲೆಗೆ ಕೈ ಮುಗಿಯಬೇಕು. ಆದರೂ ಒಂದು ಅನುಮಾನ ಉಳಿದಿದೆ. ಪ್ರವಾಸಿ ಕೂತಾಗ ನಿಧಾನ ಪರಂಪರೆಯಾಗುತ್ತದೆ, ಕೂಲಿಯವನು ಕೂತಾಗ ನಿಧಾನ ನಷ್ಟವಾಗುತ್ತದೆ; ಊತ್ತುಕುಳಿಯ ಲೂಪ್ ಲೈನಿಗೆ ಯುನೆಸ್ಕೊದವರನ್ನು ಒಮ್ಮೆ ಕರೆಸಬಾರದೇಕೆ?

ನಮ್ಮ ಕಡೆಯ ಗಂಟೂ ಇದೇ ಸೀಮೆಯಲ್ಲಿ ಸಿಕ್ಕಿಕೊಂಡಿದೆ. ನಂಜನಗೂಡಿನಿಂದ ಮುಂದಕ್ಕೆ ಹಳಿ ಚಾಮರಾಜನಗರ ಮುಟ್ಟಿದ್ದು 1926ರಲ್ಲಿ, ಅರಸರ ಕಾಲದಲ್ಲಿ. ಅಲ್ಲಿಗೆ ನಿಂತಿತು. 2008ರಲ್ಲಿ ಬ್ರಾಡ್ ಗೇಜ್ ಆಯಿತು, ಆದರೂ ಅಲ್ಲಿಗೇ ನಿಂತಿದೆ. ನೂರು ವರ್ಷದಿಂದ ಎಂಜಿನ್ನು ಅಲ್ಲಿ ಹೋಗಿ ಗೋಡೆಗೆ ಮುಖ ಮಾಡಿ ನಿಂತು, ತಲೆ ಬದಲಾಯಿಸಿಕೊಂಡು ವಾಪಸ್ಸು ಬರುತ್ತದೆ. ಆಚೆ ಬದಿಯಲ್ಲಿ ತಾಳವಾಡಿ, ತಮಿಳುನಾಡಿನ ನಕ್ಷೆಯೊಳಗಿನ ಕನ್ನಡದ ಸೀಮೆ. ಅದರಾಚೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಇಳಿದರೆ ಸತ್ಯಮಂಗಲ, ಅಲ್ಲಿಂದ ಗೋಬಿಚೆಟ್ಟಿಪಾಳಯಂ, ಅಲ್ಲಿಂದ ಕಾಂಗೇಯಂ ಕೈಗೆ ಸಿಗುವ ದೂರ. ದೇವೇಗೌಡರು ಪ್ರಧಾನಿಯಾಗಿದ್ದ 1996-97ರಲ್ಲಿ ಬೆಂಗಳೂರಿನಿಂದ ಕನಕಪುರ, ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ ರೈಲು ಎಂದು ಮಂಜೂರಾತಿ ಸಿಕ್ಕಿತು. ಕಾಡಿನಲ್ಲಿ ವೀರಪ್ಪನ್ ಇದ್ದಾನೆ, ಸಮೀಕ್ಷೆ ಹೇಗೆ ಮಾಡುವುದು ಅಂದರು. 2004ರಲ್ಲಿ ವೀರಪ್ಪನ್ ಹೋದ. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ವೀರಪ್ಪನ್ ಹೋಗಿ ಹುಲಿ ಬರುವ ನಡುವೆ ಎಂಟು ಒಂಬತ್ತು ವರ್ಷ ಕಾಡಿನಲ್ಲಿ ಈ ಎರಡರಲ್ಲಿ ಯಾವ ಕಾರಣವೂ ಇರಲಿಲ್ಲ, ಆಗಲೂ ಸಮೀಕ್ಷೆಯವರಿಗೆ ಪುರಸೊತ್ತಿರಲಿಲ್ಲ. ಹುಲಿಯ ಕಾಡಿನಲ್ಲಿ ಹಳಿ ಬೇಡ ಎಂಬುದು ನನ್ನ ಮತವೂ ಹೌದು. ಆನೆ ಹಾಯುವ ದಾರಿಯಲ್ಲಿ ರಾತ್ರಿ ಲಾರಿ ಓಡುವುದನ್ನೇ 2022ರಲ್ಲಿ ಮದರಾಸ್ ಹೈಕೋರ್ಟ್ ತಡೆಯಬೇಕಾಯಿತು. ಕಾಡಿನ ತುಂಡಿನ ಜೊತೆಗೇ ಬೆಂಗಳೂರು ಬಳಿಯ ಹೆಜ್ಜಾಲದಿಂದ ಚಾಮರಾಜನಗರದವರೆಗಿನ 142 ಕಿಲೋಮೀಟರೂ ನಿಂತಿತಲ್ಲ, ಅದು ಮಾತ್ರ ನನ್ನ ತಲೆಗೆ ಹೋಗುವುದಿಲ್ಲ. ಮಳವಳ್ಳಿಯ ಕಬ್ಬಿನ ಗದ್ದೆಯಲ್ಲಿ ಯಾವ ಹುಲಿ?

ಹಾಗಾಗಿ ಮೈಸೂರಿನವನು ಕೊಂಗುನಾಡಿಗೆ ರೈಲಿನಲ್ಲಿ ಹೋಗಬೇಕೆಂದರೆ ತೆಂಕಣದ ಊರಿಗೆ ಬಡಗು ಮುಖ ಮಾಡಿ ಹೊರಡಬೇಕು. ಗಾಡಿ ಹತ್ತಿ, ಬೆಂಗಳೂರಿಗೆ ಹೋಗಿ, ಸೇಲಂ ದಾಟಿ, ಈರೋಡಿನಲ್ಲಿ ಕಣ್ಣುಜ್ಜಿಕೊಂಡು ಬೆಳಗಿನ ಜಾವ ಇಳಿದು, ಕಾಂಗೇಯಂಗೆ ಬಸ್ಸು ಹಿಡಿಯಬೇಕು. ಹೈದರನ ಕುದುರೆ ಸವಾರರು ಗಜಲಹಟ್ಟಿ ಕಣಿವೆ ಇಳಿದು ಹೋಗುತ್ತಿದ್ದ ದಾರಿ ಇದಕ್ಕಿಂತ ಹತ್ತಿರ.

ಕಾಂಗೇಯಂನವರು ಹೀಗೆ ಕಾಯುತ್ತ ಕೂತಿದ್ದಾರೆ ಎಂದುಕೊಳ್ಳಬೇಡಿ, ಅವರು ನಡೆಯುತ್ತಾರೆ. ತೈಪೂಸಂ ಬಂತೆಂದರೆ ಈರೋಡು, ಚೆನ್ನಿಮಲೈ ಕಡೆಯಿಂದ ಹಳದಿ, ಹಸಿರು ಬಟ್ಟೆ ಉಟ್ಟ ಜನ ಕಾವಡಿ ಹೊತ್ತು ಕಾಂಗೇಯಂ, ಧಾರಾಪುರಂ ದಾಟಿ ಪಳನಿಯ ಮುರುಗನ ಹತ್ತಿರ ನಡೆದೇ ಹೋಗುತ್ತಾರೆ. ಮಂಜೂರಾದ ರೈಲು ಮಾರ್ಗದ ಉದ್ದಕ್ಕೂ ಪ್ರತಿ ವರ್ಷ ಕಾಲಿನಲ್ಲೇ ನಡೆಯುವ ಸಂಚಾರ ಸಮೀಕ್ಷೆ ಇದು. ರೈಲ್ವೆ ಇದನ್ನು ಗಮನಿಸಿರಲೂಬಹುದು. ಭಕ್ತರು ಇಷ್ಟು ಸಂತೋಷದಿಂದ ನಡೆಯುವಾಗ ನಡುವೆ ಹೋಗಿ ರೈಲು ಬಿಟ್ಟು ಅವರ ಪುಣ್ಯಕ್ಕೆ ಕಲ್ಲು ಹಾಕುವುದು ಬೇಡ ಎಂದು ಫೈಲಿನಲ್ಲಿ ಯಾರಾದರೂ ಬರೆದಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಈಗ ಉಳಿದಿರುವುದು ಶಿವನ್‌ಮಲೈ. ಕಾಂಗೇಯಂ ಪಕ್ಕದ ಈ ಬೆಟ್ಟದ ಮೇಲಿನ ಸುಬ್ರಹ್ಮಣ್ಯನ ಗುಡಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ, ಆಂಡವನ್ ಉತ್ತರವು ಪೆಟ್ಟಿ, ಅಂದರೆ ದೇವರ ಅಪ್ಪಣೆಯ ಪೆಟ್ಟಿಗೆ, ಎನ್ನುತ್ತಾರೆ. ಸ್ವಾಮಿ ಯಾರಾದರೊಬ್ಬ ಭಕ್ತನ ಕನಸಿನಲ್ಲಿ ಬಂದು ಇಂಥ ವಸ್ತು ಇಡು ಎಂದು ಹೇಳುತ್ತಾನಂತೆ. ಭಕ್ತ ಬಂದು ಹೇಳಿದರೆ ಗುಡಿಯವರು ದೇವರ ಮುಂದೆ ಹೂವು ಕೇಳಿ ನೋಡುತ್ತಾರೆ. ಅಪ್ಪಣೆಯಾದರೆ ಆ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಾರೆ, ಇನ್ನೊಬ್ಬರ ಕನಸಿನಲ್ಲಿ ಇನ್ನೊಂದು ವಸ್ತು ಬರುವವರೆಗೆ ಅದು ಅಲ್ಲೇ ಇರುತ್ತದೆ. ಮಣ್ಣು, ನೀರು, ಅರಿಸಿನದಂಥವು ಬಂದು ಹೋಗಿವೆ. ಪೆಟ್ಟಿಗೆಯಲ್ಲಿ ಏನು ಕೂತಿದೆಯೋ ಅದರ ಮೇಲೆ ಲೋಕದಲ್ಲಿ ಏನಾದರೂ ಪರಿಣಾಮವಾಗುತ್ತದೆ ಎಂಬುದು ನಂಬಿಕೆ. ಮಣ್ಣು ಇಟ್ಟಾಗ ಸೈಟಿನ ಬೆಲೆ ಏರಿತು, ಅರಿಸಿನ ಇಟ್ಟಾಗ ಈರೋಡಿನ ಮಂಡಿಯಲ್ಲಿ ದರ ಏರಿತು ಎಂದು ಹೇಳುವವರಿದ್ದಾರೆ. ನಾಳೆ ಯಾವನಾದರೂ ಪುಣ್ಯಾತ್ಮನ ಕನಸಿನಲ್ಲಿ ಮುರುಗ ಬಂದು, ಒಂದು ತುಂಡು ರೈಲು ಹಳಿ ತಂದಿಡು ಎಂದನೆಂದೇ ಇಟ್ಟುಕೊಳ್ಳಿ. ಹೂವು ಕೇಳುತ್ತಾರೆ, ಅಪ್ಪಣೆಯಾಗುತ್ತದೆ, ಹಳಿಗೆ ಮಾಲೆ ಹಾಕಿ ಮಂಗಳಾರತಿ ಮಾಡುತ್ತಾರೆ. ಸುದ್ದಿ ಹರಡಿ ಊರಿನ ಅಕ್ಕಿ ಗಿರಣಿಯವರು, ಕೊಬ್ಬರಿ ವ್ಯಾಪಾರಿಗಳು, ಎತ್ತಿನ ಸಂತೆಯ ದಲ್ಲಾಳಿಗಳು ಎಲ್ಲ ಬೆಟ್ಟ ಹತ್ತಿ ಬಂದು ಗಾಜಿನಾಚೆ ಇಣುಕಿ ನೋಡುತ್ತಾರೆ. ನೋಡಿದವರೆಲ್ಲ ಒಂದೇ ಮಾತು ಹೇಳಿ ಬೆಟ್ಟ ಇಳಿಯುತ್ತಾರೆ: ‘ಕಬ್ಬಿಣದ ರೇಟು ಏರುತ್ತೆ ಕಣಯ್ಯಾ, ಮನೆ ಕಟ್ಟೋರು ಈಗಲೇ ಕಂಬಿ ತಗೊಂಡುಬಿಡಿ.’